ಏಳು ಕ್ವಿಂಟಲ್ ಹೆಸರಿನ ಆಟ

ಐವತ್ತು ಸಾವಿರ ರೂಪಾಯಿಯ ವಸ್ತುವಿಗೆ ಹತ್ತೇ ಹತ್ತು ರೂಪಾಯಿ ಕಡಿಮೆ ಮಾಡಿ 49,990 ಎಂದು ಚೀಟಿ ಅಂಟಿಸುವವರ ಔದಾರ್ಯದ ಬಗ್ಗೆ ನಾನು ಬಹಳ ದಿನಗಳಿಂದ ಗಂಭೀರ ಚಿಂತನೆ ನಡೆಸಿದ್ದೇನೆ. ಹತ್ತು ರೂಪಾಯಿ ಅಂದರೆ ಸಣ್ಣ ಮೊತ್ತವೇನಲ್ಲ. ನಮ್ಮ ತಿರ್ಲಾಪುರದಲ್ಲಿ ಅದಕ್ಕೆ ಒಂದು ಚಹಾ ಬರುತ್ತದೆ; ಚಹಾದ ಜೊತೆಗೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಮಲಪ್ರಭಾ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಮಹದಾಯಿ ಈ ಜನ್ಮದಲ್ಲಿ ನಮ್ಮ ಕಡೆ ಹೊರಳೀತೇ ಮುಂತಾದ ವಿಷಯಗಳ ಮೇಲೆ ಅರ್ಧ ತಾಸು ಅಧಿಕಾರವಾಣಿಯಿಂದ ಮಾತಾಡುವ ಹಕ್ಕೂ ಬರುತ್ತದೆ. ಅಂಥ ಹತ್ತು ರೂಪಾಯಿಯನ್ನು ಜಪಾನಿನ ಸೋನಿ ಕಂಪನಿಯವರು ಪ್ರತಿಯೊಬ್ಬ ಭಾರತೀಯ ಗಿರಾಕಿಗೂ ಬಿಟ್ಟುಕೊಟ್ಟಿದ್ದಾರೆ. 2021ರ ಫೆಬ್ರವರಿ 2ರಂದು ಪ್ಲೇಸ್ಟೇಷನ್ 5 ಎಂಬ ಆಟದ ಪೆಟ್ಟಿಗೆ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಾಗ ಡಿಸ್ಕ್ ನುಂಗುವ ಪೆಟ್ಟಿಗೆಗೆ 49,990, ಡಿಸ್ಕಿನ ಬಾಯಿಯೇ ಇಲ್ಲದ ಡಿಜಿಟಲ್ ಪೆಟ್ಟಿಗೆಗೆ 39,990. ಯಾವುದನ್ನು ಕೊಂಡರೂ ಒಂದು ಚಹಾ ಉಳಿತಾಯ.

ಎರಿ ಹೊಲದಲ್ಲಿ ಹೆಸರು, ಹತ್ತಿ, ಕಡಲೆ ಎಂದು ಒದ್ದಾಡುವ, ಬೆನ್ನಿಗೆ ಸಂಧಿವಾತವನ್ನೂ ಮೂಗಿಗೆ ಚಾಳೀಸನ್ನೂ ಕಟ್ಟಿಕೊಂಡ ಈ ಮನುಷ್ಯನಿಗೆ ವಿಡಿಯೊ ಗೇಮಿನ ಅರ್ಥಶಾಸ್ತ್ರ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಕೇಳಿ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಅಕ್ಕನ ಮಗ ಒಬ್ಬನಿದ್ದಾನೆ. ಹೆಸರು ಮಾರಿದ ಸುದ್ದಿ ಅವನಿಗೆ ಎಪಿಎಂಸಿಯವರಿಗಿಂತ ಮೊದಲು ಗೊತ್ತಾಗುತ್ತದೆ. ಆ ವರ್ಷ ಸಂಕ್ರಾಂತಿಗೆ ಊರಿಗೆ ಬಂದವನು, ಎಳ್ಳು-ಬೆಲ್ಲ ಕೊಟ್ಟು ಕಾಲಿಗೆ ಬಿದ್ದು, ಬಿದ್ದಲ್ಲಿಂದ ಏಳುವ ಮೊದಲೇ ಶುರು ಮಾಡಿದ.

‘ಮಾಮಾ, ಬರೇ ನಲವತ್ತೊಂಬತ್ತು ಸಾವಿರ ಚಿಲ್ಲರ ಐತಿ.’

‘ಏನೋ ತಮ್ಮಾ ಅದು, ಟ್ರ್ಯಾಕ್ಟರಿನ ರೂಟರಾ?’

‘ಅಲ್ಲ ಮಾಮಾ, ಪಿಎಸ್ ಫೈವ್.’

ಮೊತ್ತ ದೊಡ್ಡದಾದಾಗಲೆಲ್ಲ ಅದನ್ನು ಹೆಸರಿಗೆ ಪರಿವರ್ತಿಸಿ ನೋಡುವುದು ನನ್ನ ಪದ್ಧತಿ. ಡಾಲರು, ಯೆನ್ನು, ರೂಪಾಯಿ ಇವೆಲ್ಲ ಮಾಯೆ, ಏರುತ್ತವೆ, ಇಳಿಯುತ್ತವೆ. ಹೆಸರುಕಾಳು ಮಾತ್ರ ಸತ್ಯ. ಆ ವರ್ಷ ಹೆಸರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 7,196 ರೂಪಾಯಿ. ಚೀಟಿಯ ಹಿಂದೆ ಭಾಗಿಸಿ ನೋಡಿದೆ. ಏಳು ಕ್ವಿಂಟಲಿಗೆ ಐದು ಕಿಲೊ ಕಡಿಮೆ. ಮಿರಗದ ಮಳೆಗೆ ಬಿತ್ತಿ, ಎಡೆ ಹೊಡೆದು, ಕೀಡಿಗೆ ಎಣ್ಣೆ ಹೊಡೆದು, ಕಾಯಿ ಬಿಡಿಸುವ ಆಳುಗಳಿಗೆ ಕೈಮುಗಿದು, ಕಣದಲ್ಲಿ ಹರವಿದ ಮೇಲೆ ಮಳೆ ಬಂದರೆ ತಾಡಪತ್ರಿ ಹಿಡಿದು ಓಡಿ ಗಳಿಸಿದ ಏಳು ಕ್ವಿಂಟಲ್ ಕಾಳು ಒಂದು ಕಡೆ. ಕಾಲರ್ ಎತ್ತಿದ ಬಿಳಿ ಅಂಗಿ ತೊಟ್ಟ ಕಪ್ಪು ಪೆಟ್ಟಿಗೆ ಇನ್ನೊಂದು ಕಡೆ. ‘ನೋಡೂಣು’ ಎಂದೆ. ನಮ್ಮ ಕಡೆ ‘ನೋಡೂಣು’ ಎಂದರೆ ಇಲ್ಲ ಎಂದು ಮನೆಯವರಿಗೆಲ್ಲ ಗೊತ್ತಿದೆ, ಹುಬ್ಬಳ್ಳಿಯಲ್ಲಿ ಓದುವ ಹುಡುಗರಿಗೆ ಮಾತ್ರ ಅದು ಆಶ್ವಾಸನೆಯಾಗಿ ಕೇಳಿಸುತ್ತದೆ.

ಹಾಗಂತ ನಾನು ಈ ವಿದ್ಯೆಗೆ ಹೊರಗಿನವನೇನಲ್ಲ. ನಮ್ಮ ಕಾಲದಲ್ಲೂ ಊರಿಗೊಂದು ವಿಡಿಯೊ ಗೇಮ್ ಬಂದಿತ್ತು. ತೊಂಬತ್ತರ ದಶಕ, ಶಟರ್ ಎಳೆಯುವ ಕಪ್ಪು-ಬಿಳುಪು ಟೀವಿಯ ಹಿಂದೆ ಒಂದು ವೈರು ಚುಚ್ಚಿ, ಚಾನೆಲ್ಲಿನ ಗುಂಡಿಯನ್ನು ಮುಳ್ಳಿನಷ್ಟು ಮುಳ್ಳಿನಷ್ಟೇ ತಿರುವಿದರೆ ಹಿಮಪಾತದ ನಡುವೆ ಒಬ್ಬ ಮೀಸೆಯ ಮನುಷ್ಯ ಕಾಣುತ್ತಿದ್ದ. ಅವನು ಮಾರಿಯೋ, ವೃತ್ತಿಯಿಂದ ನಳದ ಮೇಸ್ತ್ರಿ, ಊರು ಇಟಲಿ ಕಡೆ ಎಂದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನಾವು ಅವನನ್ನು ಹುತ್ತದಂಥ ದಿಬ್ಬ ಹಾರುವ ಯಾವನೋ ಪೈಲವಾನ ಎಂದುಕೊಂಡಿದ್ದೆವು. ಪೆಟ್ಟಿಗೆಯ ಒಡೆಯ ನಮ್ಮ ಓಣಿಯ ಶ್ರೀಮಂತರ ಮನೆಯ ಹುಡುಗ, ನನ್ನದೇ ಕ್ಲಾಸು. ಅವನು ಆಗಲೇ ಪಾಲಿಸುತ್ತಿದ್ದ ದರನೀತಿಯನ್ನು ಈಗ ನೆನೆಸಿಕೊಂಡರೆ ಟೋಕಿಯೋದವರು ಅವನ ಹತ್ತಿರ ಪಾಠಕ್ಕೆ ಬರಬೇಕಿತ್ತು ಅನಿಸುತ್ತದೆ. ಪೆಟ್ಟಿಗೆ ನೋಡಲು ಏನೂ ಇಲ್ಲ, ಪುಕ್ಕಟೆ. ರಿಮೋಟು ಮುಟ್ಟಲು ಒಂದು ಬೊಗಸೆ ಸುಲಗಾಯಿ. ಮಾರಿಯೋ ಒಮ್ಮೆ ಸಾಯುವವರೆಗೆ ಆಡಲು ಎರಡು ಬೊಗಸೆ. ಕಡಲೆ ಹಸಿರಿದ್ದಾಗ ಈ ದರ. ಎಲ್ಲರ ಹೊಲದಲ್ಲೂ ಸುಲಗಾಯಿ ಬಂದು ಮಾರುಕಟ್ಟೆ ಕುಸಿದ ಕೂಡಲೇ ಅವನು ಕಾಳಿನ ವ್ಯವಹಾರ ಕೈಬಿಟ್ಟು ಗಣಿತದ ಹೋಂವರ್ಕಿಗೆ ಜಿಗಿದ. ಮಾರಿಯೋ ಬೇಕೋ, ಅವನ ಲಘುತ್ತಮ ಸಾಮಾನ್ಯ ಅಪವರ್ತ್ಯಗಳನ್ನು ಮಾಡಿಕೊಡಬೇಕು. ಇಬ್ಬರು ಆಡುವ ಆಟವಾದರೆ ಎರಡನೆಯ ರಿಮೋಟು, ಅಂದರೆ ಲುಯಿಜಿ ಎಂಬ ಎರಡನೆಯ ಆಟಗಾರ, ಸದಾ ನಮಗೇ. ಲಸಾಅದಲ್ಲಿ ನಾನು ಇವತ್ತಿಗೂ ಗಟ್ಟಿ ಇರುವುದಕ್ಕೆ ನಮ್ಮ ಮಾಸ್ತರರಿಗಿಂತ ಹೆಚ್ಚಿನ ಪಾಲು ಆ ಮೀಸೆಯ ಮನುಷ್ಯನಿಗೆ ಸಲ್ಲಬೇಕು.

ಪೆಟ್ಟಿಗೆಯ ಜೊತೆ ಬಂದ ಕ್ಯಾಸೆಟ್ಟಿನ ಮೇಲೆ 9999999 ಆಟಗಳು ಎಂದು ಅಚ್ಚಾಗಿತ್ತು. ತೊಂಬತ್ತೊಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು! ಕೋಟಿಗೆ ಒಂದೇ ಒಂದು ಕಡಿಮೆ. ಇಲ್ಲೂ ನೋಡಿ, ಅದೇ ಚಹಾದ ತತ್ತ್ವ. ಆಡುತ್ತ ಹೋದರೆ ಆರೇಳು ಆಟ ಮುಗಿದ ಕೂಡಲೇ ಮತ್ತೆ ಅದೇ ಟ್ಯಾಂಕು, ಅದೇ ಮಾರಿಯೋ, ಅದೇ ಕಾಂಟ್ರಾ ಎಂಬ ಆಟದ ಬರಿಮೈ ಸೈನಿಕರು, ಹೊಸ ಹೊಸ ನಾಮಧೇಯಗಳಲ್ಲಿ ಅವತರಿಸುತ್ತಿದ್ದರು. ಒಂದರಲ್ಲಿ ಮಾರಿಯೋ ನೇರ ಮೂರನೆಯ ಮನೆಯಿಂದ ಹೊರಟರೆ ಇನ್ನೊಂದರಲ್ಲಿ ಐದನೆಯ ಮನೆಯಿಂದ. ದಿನಾ ಬೆಳಿಗ್ಗೆ ವಿಷ್ಣು ಸಹಸ್ರನಾಮ ಕೇಳಿಸಿಕೊಂಡು ಬೆಳೆದ ನಮಗೆ ಇದು ವಂಚನೆ ಎಂದು ಅನಿಸಲೇ ಇಲ್ಲ. ನಾಮ ಸಾವಿರ, ದೇವರು ಒಬ್ಬನೇ ಎಂಬುದು ತಿಳಿದ ವಿಷಯವಾಗಿತ್ತು.

ಆ ಪೆಟ್ಟಿಗೆ ಯಾರದು? ಅದರ ಮೂಲಪುರುಷ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್. 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಹುಟ್ಟಿದ್ದು. ನಮ್ಮ ಊರಿಗೆ ಬಂದದ್ದು ಅದರ ನಕಲು. ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಕೆಲವು ನೂರು ರೂಪಾಯಿಗೆ ಸಿಗುತ್ತಿದ್ದಂಥದ್ದು. ಮೂಲದವನ ಹೊಟ್ಟೆಪಾಡು ಇದ್ದದ್ದು ಕ್ಯಾಸೆಟ್ಟಿನಲ್ಲಿ. ಬೇರೆ ಕಂಪನಿಯವರು ಆಟ ಬರೆದರೂ ನಿಂಟೆಂಡೊಗೆ ಕಪ್ಪ ಕಟ್ಟಬೇಕು, ಅಮೆರಿಕದಲ್ಲಂತೂ ಅನುಮತಿ ಇಲ್ಲದ ಕ್ಯಾಸೆಟ್ಟನ್ನು ಒಳಗೆ ಬಿಟ್ಟುಕೊಳ್ಳದಂತೆ ಪೆಟ್ಟಿಗೆಯೊಳಗೆ ಒಂದು ಕಾವಲಿನ ಚಿಪ್ಪನ್ನೇ ಕೂರಿಸಿದ್ದರು. ಇಷ್ಟೆಲ್ಲ ಕೋಟೆ ಕಟ್ಟಿದವರ ಎದುರು ನಮ್ಮ ತೊಂಬತ್ತೊಂಬತ್ತು ಲಕ್ಷ ಚಿಲ್ಲರೆ ಆಟಗಳ ಒಂದೇ ಕ್ಯಾಸೆಟ್ಟು ನಗುತ್ತ ನಿಂತಿತ್ತು. ಎರಡನೆಯ ಕ್ಯಾಸೆಟ್ ಕೊಳ್ಳುವ ಅಗತ್ಯವೇ ತಿರ್ಲಾಪುರಕ್ಕೆ ಬೀಳಲಿಲ್ಲ.

ಕೆಡುತ್ತಿತ್ತು, ಅದು ನಿಜ. ನವಲಗುಂದ ತಾಲೂಕಿನ ಎರಿ ಮಣ್ಣಿನ ಧೂಳು ಬೇಸಿಗೆಯಲ್ಲಿ ಕಬ್ಬಿಣದ ತಿಜೋರಿಯೊಳಗೂ ಹೋಗುತ್ತದೆ, ಇನ್ನು ಬಾಯಿ ತೆರೆದ ಪೆಟ್ಟಿಗೆ ಯಾವ ಲೆಕ್ಕ. ಪರದೆಯ ಮೇಲೆ ಬಣ್ಣದ ಚೌಕಗಳು (ನಮ್ಮ ಪಾಲಿಗೆ ಬೂದಿ ಚೌಕಗಳು) ಬಂದ ಕೂಡಲೇ ಕ್ಯಾಸೆಟ್ ಕಿತ್ತು ಉಫ್ ಎಂದು ಊದಿ ಮತ್ತೆ ಚುಚ್ಚುತ್ತಿದ್ದೆವು. ಇದು ತಿರ್ಲಾಪುರದ ಸಂಶೋಧನೆ ಎಂದು ನನಗೆ ಹೆಮ್ಮೆ ಇತ್ತು. ಆಮೇಲೆ ನೋಡಿದರೆ ನ್ಯೂಯಾರ್ಕಿನ ಹುಡುಗರೂ ಊದುತ್ತಿದ್ದರಂತೆ. ಊದುವುದರಿಂದ ಲಾಭವಿಲ್ಲ, ಉಗುಳಿನ ತೇವಕ್ಕೆ ಪಿನ್ನುಗಳು ಕೆಡುತ್ತವೆ ಎಂದು ಕಂಪನಿಯವರು ಹೇಳಿದರು. ಕಿತ್ತು ಮತ್ತೆ ಚುಚ್ಚಿದ್ದಕ್ಕೇ ಸರಿಹೋಗುತ್ತಿತ್ತಂತೆ. ಆದರೆ ಮಂತ್ರ ಹೇಳದೆ ಬರೇ ತಾಯಿತ ಕಟ್ಟಿದರೆ ಯಾರಿಗೆ ಸಮಾಧಾನ?

ಪೆಟ್ಟಿಗೆಯ ಜೊತೆ ಬಂದೂಕೂ ಬಂದಿತ್ತು. ಬಾತುಕೋಳಿ ಹಾರಿದಾಗ ಕುದುರೆ ಎಳೆಯಬೇಕು. ತಪ್ಪಿದರೆ ಹುಲ್ಲಿನೊಳಗಿನಿಂದ ಒಂದು ನಾಯಿ ಎದ್ದು ಬಾಯಿಗೆ ಕೈ ಇಟ್ಟುಕೊಂಡು ನಗುತ್ತದೆ. ಮನುಷ್ಯರು ನಕ್ಕರೆ ತಡೆದುಕೊಳ್ಳಬಹುದು. ಆ ನಾಯಿಯ ಮೇಲಿನ ಸಿಟ್ಟಿಗೆ ನಾನು ಬಂದೂಕಿನ ಬಾಯಿಯನ್ನು ಟೀವಿಯ ಗಾಜಿಗೇ ಒತ್ತಿ ಹೊಡೆಯುತ್ತಿದ್ದೆ, ಹಾಗೆ ಹೊಡೆದರೂ ಕೆಲವು ಬಾತುಕೋಳಿಗಳು ಪಾರಾಗುತ್ತಿದ್ದವು ಎಂಬುದು ನನ್ನ ಶೌರ್ಯದ ಪ್ರಮಾಣಪತ್ರ. ಆ ಬಂದೂಕು ಏನನ್ನೂ ಹಾರಿಸುತ್ತಿರಲಿಲ್ಲ, ನೋಡುತ್ತಿತ್ತು. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚುತ್ತದೆ. ಬಂದೂಕಿನೊಳಗಿನ ಬೆಳಕಿನ ಕಣ್ಣಿಗೆ ಅದು ಕಂಡರೆ ಕೋಳಿ ಬಿತ್ತು. ಹೊಟ್ಟೆ ದೊಡ್ಡದಾದ ಹಳೆಯ ಟೀವಿಗೆ ಮಾತ್ರ ಈ ಚಮತ್ಕಾರ ಒಪ್ಪುತ್ತದೆ. ಈಗಿನ ತೆಳ್ಳನೆಯ ಟೀವಿಯ ಮುಂದೆ ಆ ಬಂದೂಕು ಕುರುಡು.

ಬಂದೂಕು ಪೆಟ್ಟಿಗೆಯೊಳಗೆ ಯಾಕೆ ಬಂತು ಎಂಬುದೂ ಒಂದು ಕಥೆಯೇ. 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ವ್ಯಾಪಾರ ಮಕಾಡೆ ಮಲಗಿತು. ಕಳಪೆ ಆಟಗಳು ರಾಶಿ ಬಿದ್ದು, ಅಂಗಡಿಯವರು ವಿಡಿಯೊ ಗೇಮ್ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಿಂಟೆಂಡೊದವರು 1985ರಲ್ಲಿ ನ್ಯೂಯಾರ್ಕಿಗೆ ಹೋದಾಗ ಪೆಟ್ಟಿಗೆಯ ಜೊತೆ ಬಂದೂಕನ್ನೂ ರಾಬ್ ಎಂಬ ಗೇಣುದ್ದದ ರೋಬೊಟ್ಟನ್ನೂ ಕಟ್ಟಿ, ಇದು ವಿಡಿಯೊ ಗೇಮ್ ಅಲ್ಲ ಸ್ವಾಮಿ, ಆಟಿಕೆ ಎಂದು ಒಳಗೆ ನುಗ್ಗಿದರು. ರಾಬ್ ಮಹಾಶಯ ಕೆಲಸ ಮಾಡುತ್ತಿದ್ದದ್ದು ಎರಡೇ ಎರಡು ಆಟಕ್ಕೆ. ಆದರೂ ಅವನ ಮುಖ ತೋರಿಸಿ ಪೆಟ್ಟಿಗೆ ಮನೆ ಹೊಕ್ಕಿತು. ಹೊಕ್ಕ ಮೇಲೆ ಅವನನ್ನು ಕೇಳುವವರಿಲ್ಲ. ಕೆಲವೇ ವರ್ಷಗಳಲ್ಲಿ ರಾಬ್ ಮಾಯವಾಗಿ ಅವನ ಜಾಗದಲ್ಲಿ ಮಾರಿಯೋ ಮತ್ತು ಬಾತುಕೋಳಿ ಕೂತರು.

ಅಂದರೆ ಜೊತೆಗೆ ಕಟ್ಟಿ ಕೊಡುವುದೆಲ್ಲ ಕೆಟ್ಟದ್ದಲ್ಲ, ಏನನ್ನು ಕಟ್ಟುತ್ತಾರೆ ನೋಡಬೇಕು. 1990ರಲ್ಲಿ ಸೆಗಾ ಕಂಪನಿಯ ಅಮೆರಿಕದ ಶಾಖೆಗೆ ಟಾಮ್ ಕಾಲಿನ್‌ಸ್ಕಿ ಎಂಬಾತ ಬಂದ. ಹಿಂದೆ ಬಾರ್ಬಿ ಗೊಂಬೆ ಮಾರಿದ ಕಂಪನಿಯಲ್ಲಿದ್ದವನು, ಹಾಗಾಗಿ ಒಂದು ವಸ್ತು ಮಾರಿ ಅದಕ್ಕೆ ಹತ್ತು ಅಂಗಿ ಮಾರುವ ಶಾಸ್ತ್ರ ಬಲ್ಲವನು. ಅವನು ಪೆಟ್ಟಿಗೆಯ ಬೆಲೆ ಇಳಿಸಿ, ಒಳಗಿದ್ದ ಹಳೆಯ ಆಟ ತೆಗೆದು, ಆಗ ತಾನೆ ಸಿದ್ಧವಾದ ತಮ್ಮ ಅತ್ಯುತ್ತಮ ಆಟ ಸೋನಿಕ್ಕನ್ನೇ ಪುಕ್ಕಟೆ ಹಾಕೋಣ ಎಂದ. ಜಪಾನಿನ ಹಿರಿಯರು ಹೌಹಾರಿದರು. ಮಾರಬೇಕಾದ್ದನ್ನು ದಾನ ಮಾಡುವುದೇ? ಕೊನೆಗೆ ಮಾಡಿದರು, ನಿಂಟೆಂಡೊಗೆ ಬೆವರು ಇಳಿಸಿದರು. 2006ರಲ್ಲಿ ನಿಂಟೆಂಡೊ ತಾನೇ ವೀ ಎಂಬ ಪೆಟ್ಟಿಗೆಯೊಳಗೆ ವೀ ಸ್ಪೋರ್ಟ್ಸ್ ಎಂಬ ಆಟ ಇಟ್ಟು 250 ಡಾಲರಿಗೆ ಕೊಟ್ಟಾಗ, ಕೋಲಿನಂಥ ರಿಮೋಟು ಹಿಡಿದು ಅಜ್ಜ-ಅಜ್ಜಿಯರೂ ಮನೆಯೊಳಗೆ ಟೆನಿಸ್ ಆಡಿದರು. ತನ್ನ ಸ್ವಂತ ಜಪಾನಿನಲ್ಲಿ ಮಾತ್ರ ಅದೇ ಆಟವನ್ನು ಬೇರೆಯಾಗಿ ದುಡ್ಡಿಗೆ ಮಾರಿತು. ನೆಂಟರಿಗೆ ಹೋಳಿಗೆ, ಮನೆಯವರಿಗೆ ರೊಟ್ಟಿ ಎಂಬ ನೀತಿ ಅಲ್ಲೂ ಇದೆ.

ಇನ್ನು ನಷ್ಟದ ವಿಚಾರ. ಪೆಟ್ಟಿಗೆಯನ್ನು ಅಸಲಿಗಿಂತ ಕಡಿಮೆಗೆ ಮಾರಿ, ಆಟಗಳಲ್ಲಿ ವಸೂಲಿ ಮಾಡುವುದು ಈ ವ್ಯಾಪಾರದ ಮೂಲಸೂತ್ರ. ಸೂತ್ರ ಮುರಿದವರಲ್ಲಿ ಕೆಲವರು ಉಳಿಯಲಿಲ್ಲ. 1993ರಲ್ಲಿ ತ್ರೀಡಿಓ ಎಂಬ ಪೆಟ್ಟಿಗೆ 700 ಡಾಲರಿಗೆ ಬಂತು. ನಕಾಶೆ ಒಬ್ಬರದು, ತಯಾರಿಸಿದ ಪ್ಯಾನಾಸೋನಿಕ್ ಬೇರೆ. ಆಟ ಮಾರಿದರೆ ತಯಾರಿಸಿದವನಿಗೆ ಚಿಕ್ಕಾಸೂ ಇಲ್ಲ, ಆದ್ದರಿಂದ ಅವನು ಪೆಟ್ಟಿಗೆಯಲ್ಲೇ ಲಾಭ ತೆಗೆಯಬೇಕಾಯಿತು. ಜನ ಬೆಲೆ ಕೇಳಿ ಹಿಂದೆ ಸರಿದರು. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಮೇಳದಲ್ಲಿ ಸೆಗಾದವರು ತಮ್ಮ ಸ್ಯಾಟರ್ನ್ ಪೆಟ್ಟಿಗೆಗೆ 399 ಡಾಲರ್ ಎಂದು ಸವಿಸ್ತಾರ ಉಪನ್ಯಾಸ ಮಾಡಿ ಇಳಿದರು. ಮೊದಲ ಪ್ಲೇಸ್ಟೇಷನ್ ತಂದ ಸೋನಿಯ ಸರದಿ ಬಂತು. ಸ್ಟೀವ್ ರೇಸ್ ಎಂಬ ಅಧಿಕಾರಿ ವೇದಿಕೆ ಹತ್ತಿ ‘299’ ಎಂದಷ್ಟೇ ಹೇಳಿ ಇಳಿದು ಹೋದ. ನಾನು ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ, ನಮ್ಮ ಪಂಚಾಯಿತಿಯ ಗ್ರಾಮಸಭೆಯೂ ಸೇರಿ. ಅಷ್ಟು ಉಪಯುಕ್ತವಾದ ಭಾಷಣ ಇನ್ನೊಂದನ್ನು ಕೇಳಿಲ್ಲ.

ಅದೇ ಸೋನಿ 2006ರಲ್ಲಿ ಮೂರನೆಯ ಪ್ಲೇಸ್ಟೇಷನ್ ಮಾಡಿತು. ಅಮೆರಿಕದಲ್ಲಿ ಅಗ್ಗದ್ದಕ್ಕೆ 499 ಡಾಲರ್. ಐಸಪ್ಲೈ ಎಂಬ ಸಂಸ್ಥೆಯವರು ಅದನ್ನು ಬಿಚ್ಚಿ, ಒಂದೊಂದು ಬಿಡಿಭಾಗದ ಬೆಲೆ ಕೂಡಿಸಿ ನೋಡಿದರೆ 805 ಡಾಲರ್ ಚಿಲ್ಲರೆ ಬಂತು. ಒಂದು ಪೆಟ್ಟಿಗೆ ಮಾರಿದರೆ ಮುನ್ನೂರು ಡಾಲರ್ ಕೈಯಿಂದ ಹೋಗುತ್ತದೆ! ನಮ್ಮ ಅಳಿಯ ಇದನ್ನು ಹೇಳಿ ‘ಹುಚ್ಚರು ಅಲ್ಲೇನು ಮಾಮಾ’ ಎಂದಾಗ ನಾನು ನಗಲಿಲ್ಲ, ಯಾಕೆಂದರೆ ನನ್ನ ಮನೆಯ ಪಡಸಾಲೆಯಲ್ಲೇ ಅಂಥದ್ದೊಂದು ಚೀಲ ಗೋಡೆಗೆ ಒರಗಿ ನಿಂತಿತ್ತು. ಡಿಎಪಿ ಗೊಬ್ಬರ. ಅವನ ಪಿಎಸ್ ಫೈವ್ ಬಂದ ವರ್ಷವೇ, 2021ರ ಮೇ ತಿಂಗಳಲ್ಲಿ, ಡಿಎಪಿಯ ಅಸಲು ಬೆಲೆ ಚೀಲಕ್ಕೆ 2,400 ರೂಪಾಯಿಗೆ ಏರಿತು. ರೈತರು ಬಾಯಿ ಬಡಿದುಕೊಂಡರು. ಕೇಂದ್ರ ಸರಕಾರ ಸಬ್ಸಿಡಿಯನ್ನು 500ರಿಂದ 1,200ಕ್ಕೆ ಏರಿಸಿ, ನಮಗೆ 1,200ಕ್ಕೇ ಸಿಗುವಂತೆ ಮಾಡಿತು. ಅರ್ಧಕ್ಕರ್ಧ! ಸೋನಿಯವರೂ ಇಷ್ಟು ಧಾರಾಳ ಇರಲಿಲ್ಲ. ಸೋನಿ ಆ ನಷ್ಟವನ್ನು ಆಟದ ಡಿಸ್ಕಿನಲ್ಲಿ ತೆಗೆಯುತ್ತದೆ. ಸರಕಾರ ಎಲ್ಲಿ ತೆಗೆಯುತ್ತದೆ ಎಂಬುದನ್ನು ಐದು ವರ್ಷಕ್ಕೊಮ್ಮೆ ನಮ್ಮೂರಿನ ಓಣಿಗಳಲ್ಲಿ ತೆರೆದ ಜೀಪು ತಿರುಗುವಾಗ ನೋಡಬಹುದು.

ಗೊಬ್ಬರಕ್ಕೂ ಆಟದ ಪೆಟ್ಟಿಗೆಗೂ ಇರುವ ನಂಟು ಇಲ್ಲಿಗೆ ಮುಗಿಯಲಿಲ್ಲ. ಅಳಿಯನ ಕಾಟ ತಾಳದೆ ‘ನೋಡೂಣು’ ಎಂದದ್ದನ್ನು ಅಕ್ಷರಶಃ ಪಾಲಿಸಲು ಒಂದು ದಿನ ಹುಬ್ಬಳ್ಳಿಗೆ ಹೋದೆ. ನೋಡಿ ಬರೋಣ, ನೋಡಲು ದುಡ್ಡಿಲ್ಲ. ಜನವರಿಯಲ್ಲಿ ಮುಂಗಡ ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ದೇಶದ ತುಂಬ ಪೆಟ್ಟಿಗೆ ಖಾಲಿಯಾಗಿತ್ತು. ಅಂಗಡಿ ತಂಪಾಗಿತ್ತು, ಹುಡುಗ ಟೈ ಕಟ್ಟಿದ್ದ. ಗೋಡೆಯ ಮೇಲೆ ಚಿತ್ರ ಇತ್ತು, ಪೆಟ್ಟಿಗೆ ಇರಲಿಲ್ಲ.

‘ಬರೇ ಪೆಟ್ಟಿಗಿ ಬರೂದಿಲ್ರಿ ಸರ. ಬಂಡಲ್ ತಗೊಳ್ಳೂದಾದ್ರ ಹೆಸರು ಬರಸ್ರಿ, ಬಂದ ಕೂಡ್ಲೆ ಫೋನ್ ಮಾಡ್ತೀವಿ.’

‘ಬಂಡಲ್‌ನ್ಯಾಗ ಏನೇನ್ ಬರತೈತ್ರಿ?’

‘ಎರಡು ಗೇಮು, ಒಂದು ಎಕ್ಸ್‌ಟ್ರಾ ಕಂಟ್ರೋಲರು, ಒಂದು ಹೆಡ್‌ಫೋನು.’

‘ನಮಗ ಹೆಡ್‌ಫೋನ್ ಬ್ಯಾಡ್ರಿ. ಮನ್ಯಾಗ ಯಾರ್ ಕರದ್ರೂ ಇವಗ ಮೊದಲ ಕೇಳಸೂದಿಲ್ಲ.’

‘ಹೆಡ್‌ಫೋನ್ ಬ್ಯಾಡಂದ್ರ ಪೆಟ್ಟಿಗೀನೂ ಇಲ್ರಿ ಸರ.’

ನನಗೆ ಒಮ್ಮೆಲೆ ತವರುಮನೆಗೆ ಬಂದಷ್ಟು ಆನಂದವಾಯಿತು. ಈ ಮಾತನ್ನು ನಾನು ಪ್ರತಿ ಮುಂಗಾರಿಗೂ ಕೇಳಿದ್ದೇನೆ! ಮಿರಗ ಕೂಡುವ ಹೊತ್ತಿಗೆ ಡಿಎಪಿ ಕೊರತೆ ಬೀಳುತ್ತದೆ. ಆಗ ಅಲ್ಲೊಬ್ಬ ಇಲ್ಲೊಬ್ಬ ವ್ಯಾಪಾರಿ, ಎರಡು ಚೀಲ ಡಿಎಪಿ ಬೇಕಾದರೆ ಒಂದು ಬಾಟಲಿ ಟಾನಿಕ್ಕು, ಒಂದು ಪುಡಿಕೆ ಸೂಕ್ಷ್ಮ ಪೋಷಕಾಂಶ ಒಯ್ಯಲೇಬೇಕು ಎನ್ನುತ್ತಾನೆ. ಮೇಲಿನಿಂದ ಕಂಪನಿಯವರು ನಮಗೂ ಹಾಗೇ ಕೊಡುತ್ತಾರೆ, ಏನು ಮಾಡೋಣ ಎಂದು ಅವನೂ ಕೈ ತಿರುವುತ್ತಾನೆ. ಇದಕ್ಕೆ ನಮ್ಮಲ್ಲಿ ಲಿಂಕ್ ಎಂದು ಹೆಸರು. ಲಿಂಕ್ ಹಾಕಬಾರದು ಎಂದು ಕೃಷಿ ಇಲಾಖೆಯವರು ವರ್ಷಾ ಎಚ್ಚರಿಕೆ ಕೊಡುತ್ತಾರೆ. ಲಿಂಕಿನಲ್ಲಿ ಬಂದ ಬಾಟಲಿಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ವಾನಪ್ರಸ್ಥ ನಡೆಸುತ್ತಿವೆ, ನಮ್ಮದೂ ಅದರಲ್ಲಿ ಒಂದು. ಹುಡುಗನಿಗೆ ಆತ್ಮೀಯವಾಗಿ ಕೇಳಿದೆ: ‘ಹಂಗಾರ ನಿಮ್ಮಲ್ಲೂ ಲಿಂಕ್ ಐತನ್ರಿ?’

‘ಐತ್ರಿ ಸರ. ನಂಬರ್ ಕೊಡ್ರಿ, ವಾಟ್ಸಪ್ಪಿಗೆ ಕಳಸ್ತೀನಿ.’

ಕಂಪನಿಗಳೇ ನೇರವಾಗಿ ಲಿಂಕ್ ಹಾಕಿದ ಉದಾಹರಣೆಯೂ ಇದೆ. 2013ರಲ್ಲಿ ಮೈಕ್ರೋಸಾಫ್ಟ್‌ನವರು ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟ್ ಎಂಬ ಕ್ಯಾಮೆರಾವನ್ನು ಕಡ್ಡಾಯ ಕಟ್ಟಿ 499 ಡಾಲರ್ ಎಂದರು. ಎದುರು ಮನೆಯ ಪಿಎಸ್ 4 ಕ್ಯಾಮೆರಾ ಇಲ್ಲದೆ 399. ಗಿರಾಕಿಗಳು ಎದುರು ಮನೆಗೆ ನಡೆದರು. ಮರುವರ್ಷ ಜೂನಿನಲ್ಲಿ ಮೈಕ್ರೋಸಾಫ್ಟ್ ಕ್ಯಾಮೆರಾ ಬಿಚ್ಚಿಟ್ಟು 399ಕ್ಕೆ ಇಳಿಯಿತು. ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬರುವಾಗ ಬುದ್ಧಿ ಕಲಿತು ಬಂದಿತ್ತು. ಅದಕ್ಕೂ ಮೊದಲು, 2006ರಲ್ಲಿ, ಇದೇ ಕಂಪನಿ ಎಕ್ಸ್‌ಬಾಕ್ಸ್ 360 ತಂದು ಅಕ್ಷಯ್ ಕುಮಾರ್ ಮತ್ತು ಯುವರಾಜ್ ಸಿಂಗ್ ಇಬ್ಬರನ್ನೂ ರಾಯಭಾರಿ ಮಾಡಿತ್ತು. ಅದರ ಅಗ್ಗದ ಆವೃತ್ತಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಆಡಿದ ಆಟ ನೆನಪಿಟ್ಟುಕೊಳ್ಳಲು ಬೇರೆ ದುಡ್ಡು. ಅನವಶ್ಯಕವನ್ನು ಕಟ್ಟುವುದು ಒಂದು ವಿದ್ಯೆಯಾದರೆ ಅವಶ್ಯಕವನ್ನು ಬಿಚ್ಚಿಡುವುದು ಅದರ ಅಣ್ಣ.

ಸೋನಿಯವರು ಇನ್ನೊಂದು ದಾರಿ ಹಿಡಿದರು. ಅಮೆರಿಕದಲ್ಲಿ 299 ಡಾಲರಿಗೆ ಹುಟ್ಟಿದ ಪಿಎಸ್ 2ಕ್ಕೆ ವಯಸ್ಸಾಗಿ 2009ರಲ್ಲಿ 99 ಡಾಲರ್ ಆಗಿತ್ತು. ಇಂಥ ಇಳಿವಯಸ್ಸಿನ ಪೆಟ್ಟಿಗೆಗೆ ಭಾರತವೇ ಸರಿ ಎಂದು ಹೈದರಾಬಾದಿನ ಹುಡುಗರ ಕೈಯಲ್ಲಿ ದೇಶೀ ಆಟ ಮಾಡಿಸಿದರು. ‘ಹನುಮಾನ್: ಬಾಯ್ ವಾರಿಯರ್’, ಬೆಲೆ 499 ರೂಪಾಯಿ. ದೇವರನ್ನು ರಿಮೋಟಿನಿಂದ ಆಡಿಸುವುದೇ ಎಂದು ಅಮೆರಿಕದ ಹಿಂದೂ ಮುಖಂಡರೊಬ್ಬರು ಆಕ್ಷೇಪ ಎತ್ತಿದರು. ನಮ್ಮೂರ ಹನುಮಪ್ಪನಿಗೆ ಈ ಸುದ್ದಿ ಮುಟ್ಟಲಿಲ್ಲ; ಮುಟ್ಟಿದ್ದರೂ, ಬರಗಾಲದಲ್ಲಿ ನೀರಿನಲ್ಲಿ ಮುಳುಗಿಸಿ ಮಳೆ ತರಿಸಿಕೊಂಡ ಜನರನ್ನು ಕಂಡವನು, ಅವನೇನೂ ಅಂದುಕೊಳ್ಳುತ್ತಿರಲಿಲ್ಲ. ಅದೇ ವರ್ಷ ‘ದೇಸಿ ಅಡ್ಡಾ’ ಬಂತು: ಕಬಡ್ಡಿ, ಗಾಳಿಪಟ, ಗಿಲ್ಲಿದಾಂಡು. ಜಾಲಿಗಿಡದ ಟೊಂಗೆ ಮುರಿದು ಚಿಣಿಫಣಿ ಆಡಿ ಎರಡು ಮನೆಯ ಹಂಚು, ಒಬ್ಬ ಮಾಸ್ತರರ ಹುಬ್ಬು ಒಡೆದ ಪೀಳಿಗೆಗೆ ಅದನ್ನೇ ಡಿಸ್ಕಿನಲ್ಲಿ ಮಾರುವ ಧೈರ್ಯ ಮೆಚ್ಚಬೇಕಾದದ್ದೇ. ನವಲಗುಂದದ ಜಮಖಾನಿ ನೇಯುವ ಹೆಣ್ಣುಮಕ್ಕಳು ಹಾಸಿನ ಮೇಲೇ ಪಗಡಿಯ ಪಟ ನೇಯ್ದು ಕೊಡುತ್ತಾರೆ. ಕೂಡಲು ಹಾಸೂ ಆಯಿತು, ಆಡಲು ಪಟವೂ ಆಯಿತು. ಜೊತೆಗೆ ಕಟ್ಟಿ ಕೊಡುವುದಾದರೆ ಹೀಗೆ ಕೊಡಬೇಕು.

ಸುಂಕದ ಮಾತು ಬಿಟ್ಟರೆ ಈ ಪುರಾಣ ಅಪೂರ್ಣ. ಆಮದು ಸುಂಕದ ಪಟ್ಟಿಯಲ್ಲಿ ವಿಡಿಯೊ ಗೇಮ್ ಪೆಟ್ಟಿಗೆಯ ಸಂಖ್ಯೆ 9504. ಅದೇ ಸಂಖ್ಯೆಯ ಕೆಳಗೆ ಇಸ್ಪೀಟೆಲೆ, ಬಿಲಿಯರ್ಡ್ಸ್, ಜೂಜುಕಟ್ಟೆಯ ಮೇಜುಗಳೂ ಇವೆ. ಇದೆಲ್ಲ ಇಸ್ಪೀಟಿನ ಮನೆತನವೇ ಎಂದು ನಮ್ಮ ಅಜ್ಜ ಅಂದಿದ್ದು ಸುಂಕದ ಅಧಿಕಾರಿಗಳಿಗೆ ಯಾರು ಹೇಳಿದರೋ. ಜಿಎಸ್‌ಟಿ ಬಂದಾಗ ಆಟದ ಪೆಟ್ಟಿಗೆಗೆ ಶೇ 28. 2019ರ ಜನವರಿ 1ರಿಂದ ಶೇ 18.

ಈಗ ನನ್ನ ಹೆಸರಿನ ಸೂಚ್ಯಂಕಕ್ಕೆ ಬರುತ್ತೇನೆ. ಅಳಿಯನಿಗೆ ಬೇಡ ಅನ್ನಲು ಸಾಕ್ಷ್ಯ ಕೂಡಿಸುವ ಉದ್ದೇಶದಿಂದ ಮಾಡಿದ ಲೆಕ್ಕ ಇದು, ಆದರೆ ಲೆಕ್ಕ ನನ್ನ ಪಕ್ಷ ವಹಿಸಲಿಲ್ಲ. 2007ರಲ್ಲಿ ಪಿಎಸ್ 3 ಭಾರತಕ್ಕೆ ಬಂದಾಗ 39,990. ಆ ಮುಂಗಾರಿನ ಹೆಸರಿಗೆ ಬೆಂಬಲ ಬೆಲೆ 1,700ರ ಆಸುಪಾಸು. ಇಪ್ಪತ್ತಮೂರು ಕ್ವಿಂಟಲ್ ಹೋಗುತ್ತಿತ್ತು! 2014ರ ಜನವರಿಯಲ್ಲಿ ಪಿಎಸ್ 4 ಬಂತು, ಬೆಲೆ ಮತ್ತೆ ಅದೇ 39,990, ಹೆಸರು 4,500. ಒಂಬತ್ತು ಕ್ವಿಂಟಲಿಗೆ ತುಸು ಕಡಿಮೆ. 2021ರಲ್ಲಿ ಏಳು. 2022ರ ನವೆಂಬರಿನಲ್ಲಿ ಪಿಎಸ್ 5ರ ಬೆಲೆಯನ್ನು 54,990ಕ್ಕೆ ಏರಿಸಿದರು. ವಯಸ್ಸಾದಂತೆ ಅಗ್ಗವಾಗಬೇಕಾದ ಪೆಟ್ಟಿಗೆ ತುಟ್ಟಿಯಾದದ್ದು ಈ ವಂಶದಲ್ಲಿ ಹೊಸ ಸಂಪ್ರದಾಯ. ಆದರೂ 2024ರಲ್ಲಿ ಹೆಸರಿಗೆ 8,682 ಆದಾಗ ಅದು ಆರೂಕಾಲು ಕ್ವಿಂಟಲಿಗೆ ಬಂದು ನಿಂತಿತು. ಕಾಗದದ ಮೇಲೆ ನಾನು ವರ್ಷದಿಂದ ವರ್ಷಕ್ಕೆ ಶ್ರೀಮಂತನಾಗುತ್ತಿದ್ದೇನೆ. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲಗಾರನ ಹೆಸರು ದಲಾಲಿ ಅಂಗಡಿ ಸೇರಿರುತ್ತದೆ, ಅಲ್ಲಿ ಬೆಂಬಲ ಬೆಲೆ ಕೇಳಿದರೆ ನಗುತ್ತಾರೆ, ಮಳೆಗೆ ಕಾಳು ಕಪ್ಪಾದರೆ ನಗುವುದೂ ಇಲ್ಲ ಎಂಬ ಅಡಿಟಿಪ್ಪಣಿಯನ್ನು ಅಳಿಯನಿಗೆ ಓದಿ ಹೇಳಿದೆ. ಅವನು ಮೇಲಿನ ಸಾಲನ್ನಷ್ಟೇ ಕೇಳಿಸಿಕೊಂಡ.

ಕೊಡಿಸಲಿಲ್ಲ. ಅವನು ಬೆಂಗಳೂರಿನಲ್ಲಿ ನೌಕರಿ ಹಿಡಿದು ಕಂತಿನ ಮೇಲೆ ತಾನೇ ಕೊಂಡ. ಹೋದಾಗ ನನ್ನ ಕೈಗೂ ಕಂಟ್ರೋಲರು ಕೊಟ್ಟ. ಅದಕ್ಕೆ ಗುಂಡಿಗಳು ಎಷ್ಟು ಅಂತೀರಿ, ಎಲ್ಲವನ್ನೂ ಏಕಕಾಲದಲ್ಲಿ ಒತ್ತುವುದು ನನ್ನ ಯುದ್ಧತಂತ್ರ. ಪರದೆಯ ಮೇಲಿನ ಜೇಡಮನುಷ್ಯ ಗೋಡೆಗೆ ಮುಖ ಒತ್ತಿಕೊಂಡು ನಿಂತೇ ಇದ್ದ. ನನಗೆ ತಿಳಿದ ಮಟ್ಟಿಗೆ ಅದು ಧ್ಯಾನ. ಮಾತಿನ ನಡುವೆ ಆ ಆಟದ ಡಿಸ್ಕಿಗೆ 3,999, ಇನ್ನೊಂದಕ್ಕೆ 4,999, ಎರಡನೆಯ ಕಂಟ್ರೋಲರಿಗೆ 5,990 ಎಂದು ಬಾಯಿ ಬಿಟ್ಟ. ಹತ್ತು ಆಟ ಕೊಂಡರೆ ಇನ್ನೊಂದು ಪೆಟ್ಟಿಗೆ. ಸೋನಿಯವರ ಹತ್ತು ರೂಪಾಯಿಯ ಚಹಾ ಎಲ್ಲಿ ವಸೂಲಾಯಿತು ಎಂದು ಆಗ ತಿಳಿಯಿತು.

ಇತ್ತ ತಿರ್ಲಾಪುರದ ಹುಡುಗರಿಗೆ ಪೆಟ್ಟಿಗೆಯ ಹಂಗೇ ಇಲ್ಲ. ಪಬ್‌ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ಸರಕಾರ ನಿಷೇಧಿಸಿತು, ಮರುವರ್ಷ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ತಿರುಗಿ ಬಂತು. ಆಟ ಪುಕ್ಕಟೆ, ಒಳಗೆ ಹೋದ ಮೇಲೆ ಅಂಗಿ, ಟೊಪ್ಪಿಗೆ, ಬಂದೂಕಿನ ಬಣ್ಣ ಮಾರುತ್ತಾರೆ. ಕಟ್ಟೆಯ ಮೇಲೆ ಕೂತ ಹುಡುಗನೊಬ್ಬ ಇಲ್ಲದ ಮನುಷ್ಯನಿಗೆ ಇಲ್ಲದ ಅಂಗಿಯನ್ನು ಇರುವ ದುಡ್ಡಿನಿಂದ ಹೊಲಿಸುತ್ತಿದ್ದಾನೆ. ಅವನ ಮೈಮೇಲಿನದು ಹೋದ ವರ್ಷದ ಬಸವಜಯಂತಿಯದು.

ಆದ್ದರಿಂದ ಮನೆಯಲ್ಲಿ ಮಗನೋ ಅಳಿಯನೋ ಇದ್ದವರಿಗೆ ನನ್ನದೊಂದು ಮಾತು. ಅಂಗಡಿಯಲ್ಲಿ ಪೆಟ್ಟಿಗೆಯ ಬೆಲೆ ಕೇಳುತ್ತ ನಿಲ್ಲಬೇಡಿ, ಅದು ನಿಮ್ಮನ್ನು ಒಳಗೆ ಕರೆಯುವ ಬೆಲೆ. ಆಟದ ಬೆಲೆ ಎಷ್ಟು, ಎರಡನೆಯ ಕಂಟ್ರೋಲರಿಗೆ ಎಷ್ಟು, ಹೆಡ್‌ಫೋನ್ ಬಿಟ್ಟರೆ ಎಷ್ಟು ಎಂದು ಕೇಳಿ, ಹೆಸರಿನಲ್ಲಿ ಭಾಗಿಸಿ ನೋಡಿ. ಮತ್ತೆ, ಡಿಎಪಿ ಚೀಲಕ್ಕೆ ಈಗ 1,350, ಯೂರಿಯಾ 266 ರೂಪಾಯಿ ಐವತ್ತು ಪೈಸೆ. ಅದಕ್ಕೆ ಯಾರಾದರೂ ಬಾಟಲಿ ಲಿಂಕ್ ಹಾಕಿದರೆ ಸುಮ್ಮನೆ ಹೊತ್ತು ತಂದು ಅಟ್ಟಕ್ಕೆ ಏರಿಸಬೇಡಿ, ರಸೀತಿ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡಿ.